ಗಂಗಮ್ಮನಿಗೆ ಹೊದಿಸಿದ ಶಾಲು

ನಾನು ಮಾಡಿದ್ದು ಒಂದೇ ಒಂದು ಒಳ್ಳೆಯ ಕೆಲಸ. ಅದಕ್ಕೆ ಸಿಕ್ಕ ಫಲವನ್ನು ನೆನೆದರೆ ಈಗಲೂ ಸಿಟ್ಟು ಉಕ್ಕುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆಯೇ, ಒಂದಕ್ಷರ ಹೆಚ್ಚಿಸದೆ ಬರೆಯುತ್ತೇನೆ. ತಪ್ಪು ಯಾರದೆಂದು ನೀವೇ ಹೇಳಿ.

ಕಡೂರಿನ ಹೊರಗೆ ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡುವ ಕಾರ್ಖಾನೆಯಲ್ಲಿ ನಾನು ಮ್ಯಾನೇಜರ್. ಮಾಲೀಕರು ನನ್ನನ್ನು ತರಬೇತಿಯೊಂದಕ್ಕೆ ಕಳುಹಿಸಿದ್ದರು. ವಿಷಯ, ಉದ್ಯೋಗ ಸ್ಥಳದಲ್ಲಿ ಮನೋವಿಜ್ಞಾನದ ಅನ್ವಯ. ಕೆಲಸಗಾರರನ್ನು ಬೈಯಬಾರದು, ಎಲ್ಲರೆದುರು ಹೊಗಳಬೇಕು, ಆ ಹೊಗಳಿಕೆಯೂ ಅನಿರೀಕ್ಷಿತವಾಗಿರಬೇಕು ಎಂದು ಅಲ್ಲಿ ಕಲಿಸಿದರು. ತರೀಕೆರೆಯ ಮನೆಗೆ ಮರಳುವಾಗ ರೈಲಿನಲ್ಲಿ ಕುಳಿತು, ಮನುಷ್ಯನ ಮನಸ್ಸು ಇಷ್ಟು ಸುಲಭವೇ ಎಂದು ನನ್ನಷ್ಟಕ್ಕೆ ನಕ್ಕೆ.

ಹೊಗಳಲು ಬೀರೂರಿನಿಂದ ಬರುವ ಗಂಗಮ್ಮನನ್ನು ಆರಿಸಿದೆ. ಕಾಯಿಯ ಕಂದು ಸಿಪ್ಪೆಯನ್ನು ಬಿಳಿ ತಿರುಳಿಗೆ ಚಾಕು ತಾಗದಂತೆ ಹೆರೆಯುವುದರಲ್ಲಿ ಆಕೆಗೆ ಸಮ ಯಾರೂ ಇಲ್ಲ. ಯಾರಿಗೂ ಹೇಳದೆ ಶಾಲು, ಹಾರ, ಹಣ್ಣಿನ ತಟ್ಟೆ ಸಿದ್ಧಪಡಿಸಿದೆ. ನನ್ನ ಹೆಂಡತಿ ಸುಮಾ ನೋಡಿ ಮೂಗು ಮುರಿದಳು.

“ಹೆಣ್ಮಗಳಿಗೆ ಬರೀ ಶಾಲು ಹೊದ್ಸಿ ಕಳಿಸ್ತೀರೇನ್ರೀ? ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಇಡಿ.”

ಇಟ್ಟೆ.

ಮಾರನೆಯ ದಿನ ಟೀ ಹೊತ್ತಿಗೆ ಗಂಗಮ್ಮನನ್ನು ಕರೆದು, ಎಲ್ಲರ ನಡುವೆ ಕುರ್ಚಿ ಹಾಕಿ ಕೂರಿಸಿದೆ. ಶಾಲು ಹೊದಿಸಿದೆ. ಆಕೆಯ ಮುಖ ಬಿಳಿಚಿಕೊಂಡಿತು. ಸಂತೋಷ ಹೆಚ್ಚಾಗಿದೆ ಎಂದು ತಿಳಿದೆ! ಗಂಭೀರವಾಗಿ ಮಾತನಾಡಿದೆ: “ಗಂಗಮ್ಮನವರ ಸೇವೆ ಮರೆಯಲಾಗದ್ದು. ಅವರ ಸ್ಥಾನವನ್ನು ಇನ್ನೊಬ್ಬರು ತುಂಬುವುದು ಕಷ್ಟ.”

ಗಂಗಮ್ಮ ಗಳಗಳನೆ ಅತ್ತಳು.

“ನಾನೇನ್ ತಪ್ಪು ಮಾಡ್ದೆ ಸಾರ್?”

ಬಾಯ್ಲರ್ ನೋಡಿಕೊಳ್ಳುವ ಸಿದ್ದಪ್ಪ ಎದ್ದು ನಿಂತ. “ಆವಮ್ಮನ ಮಗಳು ಇನ್ನೂ ಕಾಲೇಜಲ್ಲವ್ಳೆ. ಈಗ್ಲೇ ಕೆಲ್ಸದಿಂದ ತೆಗೀತೀರಲ್ಲ ಸಾರ್, ನ್ಯಾಯನಾ?”

ನಮ್ಮ ಕಡೆ ಕೆಲಸದ ಜಾಗದಲ್ಲಿ ಶಾಲು ಹೊದಿಸುವುದು ಬೀಳ್ಕೊಡುವಾಗ ಮಾತ್ರ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತರಬೇತಿಯಲ್ಲಿ ಆ ಪಾಠವಿರಲಿಲ್ಲ!

“ಅಯ್ಯೋ, ತೆಗೀತಿಲ್ಲ ಕಣಯ್ಯ! ಇದು ಪ್ರೇರಣೆ, ಪ್ರೇರಣೆ!” ಎಂದೆ.

“ಯಾರ ಪ್ರೇರಣೆ ಸಾರ್? ಸಿಪ್ಪೆ ಹೆರೆಯೋ ಮಿಷಿನ್ ಮಾರೋಕೆ ಬಂದಿದ್ನಲ್ಲ, ಅವನ್ದಾ?” ಎಂದ ಸಿದ್ದಪ್ಪ.

ಮರುದಿನ ಗಂಗಮ್ಮ ಬರಲಿಲ್ಲ.

ನಾನು ಎದೆಗುಂದಲಿಲ್ಲ. ಒಬ್ಬರನ್ನೇ ಗೌರವಿಸಿದರೆ ಉಳಿದವರಲ್ಲಿ ಅಸಮಾಧಾನ ಹುಟ್ಟುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು. ಹಾಗಾದರೆ ಎಲ್ಲರಿಗೂ ಹೊದಿಸಿದರಾಯಿತು! ಬೀರೂರಿಗೆ ಹೋಗಿ ಶಾಲುಗಳ ದೊಡ್ಡ ಗಂಟನ್ನೇ ಕಟ್ಟಿಸಿದೆ. ಅಂಗಡಿಯವನು ಕನಿಕರದಿಂದ ಕೇಳಿದ, “ಫ್ಯಾಕ್ಟ್ರಿ ಮುಚ್ತಾ ಇದೀರಾ ಸಾರ್?”

ಆ ಪ್ರಶ್ನೆ ನನ್ನ ಆಟೊಗಿಂತ ಮೊದಲೇ ಕಾರ್ಖಾನೆ ತಲುಪಿತ್ತು. ನಾನು ಗಂಟು ಇಳಿಸುತ್ತಿದ್ದಂತೆ ಎಲ್ಲರೂ ಚಾಕು ಕೆಳಗಿಟ್ಟರು. ಸುದ್ದಿ ಅಜ್ಜಂಪುರಕ್ಕೂ ಹೋಯಿತು. ಶಿವನಿಯಿಂದ ಕಾಯಿ ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಅರ್ಧ ದಾರಿಯಿಂದ ವಾಪಸಾಯಿತು. ಸಂಜೆಗೆ ಮಾಲೀಕರು ಬಂದರು. ನಾನು ಮನೋವಿಜ್ಞಾನವನ್ನು ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಆಮೇಲೆ ಇಬ್ಬರೂ ಗಂಗಮ್ಮನ ಮನೆಗೆ ಹೋದೆವು. ಹೊದಿಸಿದ ಶಾಲನ್ನು ಆಕೆ ಮಡಿಸಿ, ತಟ್ಟೆಯ ಮೇಲಿಟ್ಟು, ವಾಪಸು ಕೊಡಲು ಬಾಗಿಲಲ್ಲೇ ಸಿದ್ಧವಾಗಿಟ್ಟಿದ್ದಳು. ಬಳೆ ಕೂಡ ತೊಟ್ಟಿರಲಿಲ್ಲ.

“ನಾಳೆಯಿಂದ ಬಾರವ್ವ. ನಿನ್ನ ಕೆಲಸ ಎಲ್ಲೂ ಹೋಗಿಲ್ಲ,” ಎಂದರು ಮಾಲೀಕರು.

“ಬತ್ತೀನಿ ಸ್ವಾಮಿ. ಆದ್ರೆ ಈ ಸಾರ್ ನನ್ನ ಹೊಗಳ್ಬಾರ್ದು. ಮುಂಚೆ ದಿನಾ ಬೈತಿದ್ರಲ್ಲ, ಹಂಗೇ ಬೈಲಿ. ಬೈಸ್ಕೊಂಡ್ರೆ ನಾಳೆನೂ ಕೆಲ್ಸ ಐತೆ ಅಂತ ಧೈರ್ಯ.”

ಬೈಯುವುದು ನನ್ನ ತರಬೇತಿಗೆ ವಿರುದ್ಧ! ಆದರೆ ಮಾಲೀಕರು ನನ್ನನ್ನೇ ನೋಡುತ್ತಿದ್ದರು.

“ನಾಳೆ ತಡವಾಗಿ ಬಂದ್ರೆ ನೋಡು ಮತ್ತೆ!” ಎಂದು ಗದರಿದೆ.

ಗಂಗಮ್ಮನ ಮುಖ ಅರಳಿತು. ಒಳಗೆ ತಿರುಗಿ, “ಏ ಮಗಾ, ಸಾರ್‌ಗೆ ಕಾಫಿ ಇಡೇ!” ಎಂದಳು.

ಮರಳಿ ಕಾರು ಹತ್ತುವಾಗ ಮಾಲೀಕರು ನನ್ನ ಬೆನ್ನು ತಟ್ಟಿದರು. “ನಿಮ್ಮಷ್ಟು ಶ್ರದ್ಧೆಯಿಂದ ದುಡಿಯೋರನ್ನ ನಾನು ನೋಡಿಲ್ಲ,” ಎಂದರು. ಅಂಗಡಿಗೆ ವಾಪಸು ಕೊಡಲೆಂದು ಕಾರಿನಲ್ಲಿ ಹಾಕಿಕೊಂಡಿದ್ದ ಗಂಟಿನಿಂದ ಒಂದು ಶಾಲು ತೆಗೆದು, ನಗುನಗುತ್ತಾ ನನ್ನ ಹೆಗಲಿಗೆ ಹೊದಿಸಿದರು.

ಮನೆಯ ಬಾಗಿಲಲ್ಲಿ ಸುಮಾ ಕಾಯುತ್ತಿದ್ದಳು.

“ಓನರ್ ಚೆನ್ನಾಗಿ ಬೈದ್ರಾ?”

“ಇಲ್ಲ ಕಣೇ. ಹೊಗಳಿದ್ರು. ಶಾಲು ಹೊದ್ಸಿದ್ರು.”

ಅವಳು ದೊಪ್ಪನೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅಂದಿನಿಂದ ದಿನವೂ ಕೆಲಸಕ್ಕೆ ಹೋಗುತ್ತಿದ್ದೇನೆ. ಬೇಕೆಂದೇ ಸಣ್ಣಪುಟ್ಟ ತಪ್ಪು ಮಾಡುತ್ತಿದ್ದೇನೆ. ಮಾಲೀಕರು ಇನ್ನೂ ಒಮ್ಮೆಯೂ ಬೈದಿಲ್ಲ!