ಅತ್ತೆಯ ಜಗಳದ ಕ್ಲಾಸು

ಮಕ್ಕಳು ಜಗಳವಾಡಿದರೆ ಕಿವಿ ಹಿಂಡುವವರು ಎಲ್ಲ ಊರಲ್ಲೂ ಇದ್ದಾರೆ. ಜಗಳವಾಡದಿದ್ದರೆ ಕಿವಿ ಹಿಂಡುವವರನ್ನು ನೋಡಬೇಕೇ? ಭಾನುವಾರ ಕೋಲಾರಕ್ಕೆ ಬನ್ನಿ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನನ್ನ ಸೋದರತ್ತೆ ಮಕ್ಕಳಿಗೆ ಮನೆಮಾತು ತೆಲುಗು ಕಲಿಸುತ್ತಾರೆ. ಪುಸ್ತಕವಿಲ್ಲ, ಹಲಗೆಯಿಲ್ಲ. ಗೌನಿಪಲ್ಲಿಯ ಮಾವಿನಕಾಯಿ ಬುಟ್ಟಿಯನ್ನು ನಡುವೆ ಇಟ್ಟು, "ಹೂಂ, ಯಾರ್ದು ಅಂತ ಕಿತ್ತಾಡಿ. ತೆಲುಗಲ್ಲೇ," ಎನ್ನುತ್ತಾರೆ. ಗೆದ್ದವರಿಗೆ ಉಪ್ಪುಕಾರ ಹಚ್ಚಿದ ಹೋಳು!

"ಇದೆಂಥ ಪಾಠ ಅತ್ತೆ?" ಎಂದೆ.

"ಸಿಟ್ಟು ಬಂದಾಗ ಬಾಯಿಗೆ ಬರ್ಬೇಕು ಕಣೋ, ಅದು ಮನೆಮಾತು. ಅಕ್ಷರ ಆಮೇಲೆ ನೋಡ್ಕೊಳ್ಳಾಣ."

ನನಗೋ ತೆಲುಗು ಕಿವಿಗೆ ಬರುತ್ತದೆ, ಬಾಯಿಗೆ ಬಾರದು. ನನ್ನ ಮಗಳಿಗೆ ಎರಡಕ್ಕೂ ಇಲ್ಲ. ಅತ್ತೆಯ ತಾಯಿಗೆ, ಅಂದರೆ ನಮ್ಮಜ್ಜಿಗೆ, ಲಕ್ವ ಹೊಡೆದ ಮೇಲೆ ಕನ್ನಡ ಪೂರ್ತಿ ಹೋಗಿ ತೆಲುಗೊಂದೇ ಉಳಿಯಿತು. ನನ್ನ ಮಗಳು ಅಜ್ಜಿಯ ಮಂಚದ ಪಕ್ಕ ನಿಂತು, ಸುಮ್ಮನೆ ನಕ್ಕು ಬಂದುಬಿಡುತ್ತಿದ್ದಳು. ಅದನ್ನು ನೋಡಲಾರದೆ ಅವಳನ್ನೂ ಕ್ಲಾಸಿಗೆ ಸೇರಿಸಿದೆ.

ಒಮ್ಮೆ ಭವನದ ಮುಂದಿನ ಹಾಲಿನಲ್ಲಿ ನಿಶ್ಚಿತಾರ್ಥ, ಹಿಂದಿನ ಕೋಣೆಯಲ್ಲಿ ಅತ್ತೆಯ ಕ್ಲಾಸು. ಒಳಗಿನ ಗಲಾಟೆ ಕೇಳಿ, ಹೆಣ್ಣಿನ ಕಡೆಯವರು ಹೊಡೆದಾಡುತ್ತಿದ್ದಾರೆಂದು ಗಂಡಿನ ಕಡೆಯವರು ಎದ್ದು ನಿಂತರು. ಅತ್ತೆ ಹೊರಗೆ ಬಂದು, "ಕೂತ್ಕೊಳ್ಳಿ, ಇವು ಇನ್ನೂ ಕಲೀತಾ ಇವೆ. ಮದುವೆ ಆದ್ಮೇಲೆ ನಿಮ್ಮನೇಲಿ ಆಗೋದು ಬೇರೆ," ಎಂದು ಸಮಾಧಾನ ಮಾಡಿದರು. ಯಾರಿಗೆ ಸಮಾಧಾನವಾಯಿತೋ ದೇವರೇ ಬಲ್ಲ.

ಭವನದ ಕಮಿಟಿಯ ಹಿರಿಯರೊಬ್ಬರು, "ಕರ್ನಾಟಕದಲ್ಲಿದ್ಕೊಂಡು ತೆಲುಗ್ಯಾಕಮ್ಮ?" ಎಂದು ಆಕ್ಷೇಪಿಸಿದರು.

"ಬೀದೀಲಿ ಕನ್ನಡ, ಅಡಿಗೆಮನೇಲಿ ತೆಲುಗು. ನಮ್ಮನೇಲಿ ಇವೆರಡೂ ಯಾವತ್ತೂ ಕಿತ್ತಾಡಿಲ್ಲ ಸ್ವಾಮಿ. ನೀವ್ಯಾಕೆ ಜಗಳ ತಂದಿಡ್ತೀರಿ?"

ಮುಂದಿನ ವಾರ ಅವರ ಮೊಮ್ಮಗಳೂ ಬುಟ್ಟಿಯ ಮುಂದೆ ಕೂತಿದ್ದಳು.

ಮೊನ್ನೆ ಅಜ್ಜಿ ಊಟ ಬೇಡವೆಂದು ಗೋಡೆಯ ಕಡೆ ತಿರುಗಿಬಿಟ್ಟಳು. ನನ್ನ ಮಗಳು ಸೊಂಟಕ್ಕೆ ಕೈಕೊಟ್ಟು, "ಎಂದುಕು ತಿನವು?" ಯಾಕೆ ತಿನ್ನಲ್ಲ ಎಂದು ದಬಾಯಿಸಿದಳು. ನನ್ನನ್ನು ಕೇಳೋಕೆ ನೀನ್ಯಾರೇ ಎಂದು ಅಜ್ಜಿಯೂ ತೆಲುಗಿನಲ್ಲೇ ತಿರುಗಿಬಿದ್ದಳು. ಇಬ್ಬರಿಗೂ ಹತ್ತಿಕೊಂಡಿತು! ಬಯ್ಯುತ್ತ ಬಯ್ಯುತ್ತಲೇ ಅಜ್ಜಿ ಮುದ್ದೆ ಸಾರು ಮುಗಿಸಿದಳು.

"ನಿಮ್ಮ ಶಿಷ್ಯೆ ಗೆದ್ದಳು ಬಿಡಿ ಅತ್ತೆ," ಎಂದೆ ನಗುತ್ತ.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ.

"ನಂಗೂ ಎದೆ ನೋವು ಶುರುವಾಗಿದೆ ಕಣೋ. ನಾನೇ ಮುಂಚೆ ಹೋಗ್ಬಿಟ್ರೆ ಅಮ್ಮನ್ನ ಬೈದು ಉಣ್ಸೋರು ಯಾರು ಅಂತ ನಿದ್ದೆ ಬರ್ತಿರ್ಲಿಲ್ಲ. ಇವತ್ತು ಬರತ್ತೆ."