ಮೊದಲ ಗಿರಾಕಿ

ಎದುರುಮನೆಯ ಸುಧೀಂದ್ರ ಗೋಡೆಯಗಲದ ಟೀವಿ ತಂದದ್ದೇ ಎಲ್ಲದಕ್ಕೂ ಮೂಲ.

ತಂದರೆ ತರಲಿ, ಗಿರಿರಾಜ ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಆ ಎರಡನೇ ಶನಿವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಅವನು ಬಾಗಿದಾಗ, ಎದುರು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಸುಧೀಂದ್ರ ಪೇಸ್ಟಿನ ನೊರೆಯ ನಡುವಿನಿಂದಲೇ, "ಎಲ್ಲಾ ಲಿಂಕಿನ ದುಡ್ಡು ಗಿರಿ. ಸಂಬಳ ಮುಟ್ಟೇ ಇಲ್ಲ," ಎಂದುಬಿಟ್ಟ. ಗಿರಿರಾಜನ ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಂತಾಯಿತು.

ಲಿಂಕಿನ ವ್ಯವಹಾರ ಅವನಿಗೇನೂ ಹೊಸದಲ್ಲ. 'ಮನೆಬಾಗಿಲು' ಎಂಬ ಶಾಪಿಂಗ್ ಆ್ಯಪಿನಲ್ಲಿ ಒಂದು ಪುಟ ಮಾಡಿಕೊಳ್ಳುವುದು, ಯಾವುದಾದರೂ ವಸ್ತುವನ್ನು ಹೊಗಳಿ ಬರೆಯುವುದು, ಕೆಳಗೆ ತನ್ನ ಹೆಸರಿನ ಲಿಂಕ್ ಅಂಟಿಸುವುದು. ಅದನ್ನು ಒತ್ತಿ ಯಾರಾದರೂ ಕೊಂಡರೆ ಕಮಿಷನ್. ಸುಧೀಂದ್ರ ಶುರು ಮಾಡಿದ ಮರುವಾರವೇ ಗಿರಿರಾಜನೂ 'ಗಿರಿ ಹೇಳ್ತಾನೆ ಕೇಳಿ' ಎಂಬ ಪುಟ ತೆರೆದಿದ್ದ. ವಿಜಯನಗರದ ಸೊಸೈಟಿಯಲ್ಲಿ ಗುಮಾಸ್ತಿಕೆ ಮುಗಿಸಿ ಬಂದು, ಸಂಜೆಯೆಲ್ಲ ಕೂತು ಕುಕ್ಕರು, ಕೊಡೆ, ತುರಿಯುವ ಮಣೆ ಎಲ್ಲವನ್ನೂ ಹೊಗಳಿದ್ದ. ಗಿರಿ ಹೇಳಿದ. ಯಾರೂ ಕೇಳಲಿಲ್ಲ. ಕಮಿಷನ್ ಖಾತೆಯ ಸೊನ್ನೆ ಮೊಟ್ಟೆಯಂತೆ ಕೂತಿತ್ತು, ಒಡೆಯಲಿಲ್ಲ.

ಹೊಟ್ಟೆಯ ಒಗ್ಗರಣೆ ಇನ್ನೂ ಚಟಪಟ ಎನ್ನುತ್ತಿರುವಾಗಲೇ ಕೆಳಮನೆಯಲ್ಲೇ ಇದ್ದ ಓನರ್ ನಂಜುಂಡಪ್ಪನವರು ಮೆಟ್ಟಿಲು ಹತ್ತಿ ಬಂದರು. ಅನ್ನಪೂರ್ಣೇಶ್ವರಿ ನಗರ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ಈಗ ಮಂಡಿನೋವು.

"ಗಿರಿ, ಕಾಲು ಒತ್ತೋ ಮಷೀನು ಅಂತ ಬಿಲ್ಡಿಂಗ್ ಗ್ರೂಪಲ್ಲಿ ಹಾಕಿದ್ದೆಯಲ್ಲ, ಅದು ಹೆಂಗೈತೆ?"

"ಸೂಪರ್ ಸಾರ್!"

"ಸುಧೀಂದ್ರಾನೂ ಅದೇ ಮಷೀನು ಹಾಕವ್ನೆ. ಆದ್ರೆ ನೀನು 'ಎರಡು ವರ್ಷದಿಂದ ದಿನಾ ಬಳಸ್ತಾ ಇದೀನಿ' ಅಂತ ಬರ್ದಿದ್ದೀಯ. ಅದುಕ್ಕೇ ನಿನ್ ಮ್ಯಾಲೆ ನಂಬಿಕೆ. ಹೆಗ್ಗನಹಳ್ಳಿ ಸೈಟ್ ತಾವ ಹೋಗಿ ಬತ್ತೀನಿ. ಸಾಯಂಕಾಲ ನಿನ್ ಮಷೀನಲ್ಲಿ ಒಸಿ ಕಾಲಿಟ್ಟು ನೋಡ್ತೀನಿ. ಚೆನ್ನಾಗಿದ್ರೆ ನಿನ್ ಲಿಂಕಲ್ಲೇ ಮೂರು ತಗೋತೀನಿ. ನಂಗೊಂದು, ಬೀಗ್ರಿಗೊಂದು, ಅಳಿಯಂಗೊಂದು. ನೀನು ತೋರ್ಸಕ್ಕಾಗ್ದಿದ್ರೆ ಸುಧೀಂದ್ರನ ಲಿಂಕ್ ಐತಲ್ಲ."

ಅವರು ಇಳಿದು ಹೋದರು. ಗಿರಿರಾಜ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ನಿಂತ. ಆ ಮಷೀನನ್ನು ಅವನು ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಹೋಗಿ ನಿಜ ಹೇಳ್ಬಿಡಿ," ಎಂದಳು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಮಾನಸ.

"ಹೇಳಿದ್ರೆ ಸುಧೀಂದ್ರನ ಲಿಂಕಲ್ಲಿ ತಗೋತಾರೆ. ಅವನು ಫ್ರಿಜ್ಜೂ ತರ್ತಾನೆ." ಆ ಫ್ರಿಜ್ಜು ಆಗಲೇ ಮೆಟ್ಟಿಲು ಹತ್ತಿ ಬರುತ್ತಿರುವಂತೆ ಅವನಿಗೆ ಕಂಡಿತು. "ಮಷೀನು ತರಿಸಿಬಿಡ್ತೀನಿ. ಮಧ್ಯಾಹ್ನದೊಳಗೆ ಬರುತ್ತೆ. ಹೇಗಿದ್ರೂ ನನ್ನ ಲಿಂಕಲ್ಲೇ ಕೊಂಡ್ರೆ ಆ ಕಮಿಷನ್ನೂ ನಮಗೇ."

"ನಿಮ್ಮ ಲಿಂಕಲ್ಲಿ ನೀವೇ ಕೊಳ್ಳೋದು ಸರೀನಾ?"

"ಅಂಗಡಿಯವನು ತನ್ನ ಅಂಗಡೀಲೇ ಸಕ್ಕರೆ ತಗೊಂಡ್ರೆ ತಪ್ಪೇನೇ?"

"ಅಂಗಡಿ ನಿಮ್ದಲ್ಲ ರೀ. ನೀವು ಗಿರಾಕಿ ಹುಡುಕಿಕೊಡೋ ಬ್ರೋಕರ್. ಮದುವೆ ಬ್ರೋಕರ್ ತಾನೇ ಗಂಡಾಗಿ ಹಸೆಮಣೆ ಮೇಲೆ ಕೂತು, ಹೆಣ್ಣಿನವರ ಹತ್ರ ಬ್ರೋಕರೇಜ್ ಕೇಳಿದ ಹಾಗಾಯ್ತು."

ಗಿರಿರಾಜ ಆ್ಯಪಿನ ನಿಯಮ ತೆಗೆದು ಓದಿದ. ಅದೂ ಮಾನಸಳ ಕಡೆಗೇ ಇತ್ತು. ಸ್ವಂತ ಲಿಂಕಿನಲ್ಲಿ ಸ್ವಂತಕ್ಕೆ ಕೊಂಡರೆ ಕಮಿಷನ್ ಇಲ್ಲ, ಪುಟವನ್ನೂ ಮುಚ್ಚುತ್ತಾರೆ. ಮನೆಯವರ ಹೆಸರಲ್ಲಿ ಕೊಂಡರೂ ಅದೇ ಗತಿ. ಅವನು ಆ ಸಾಲನ್ನು ಎರಡು ಸಲ ಓದಿದ. ಮನೆಯವರು ಎಂದಿತ್ತು. ಕೆಳಮನೆಯವರು ಎಂದಿರಲಿಲ್ಲ.

ನಂಜುಂಡಪ್ಪನವರ ಸ್ಕೂಟರ್ ಗೇಟು ದಾಟುವುದನ್ನೇ ಕಾದಿದ್ದು ಅವನು ಕೆಳಗಿಳಿದ. ಅವರ ಹೆಂಡತಿ ಅಕ್ಕಯ್ಯಮ್ಮನವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಆಂಟಿ, ನಿಮ್ಮ ಫೋನಿಂದ ಒಂದು ಮಷೀನು ಬುಕ್ ಮಾಡ್ಬೇಕಿತ್ತು. ಬಂದಾಗ ದುಡ್ಡು ನಾನೇ ಕೊಡ್ತೀನಿ. ಮಾನಸಂಗೆ ಸರ್ಪ್ರೈಸು. ಯಾರಿಗೂ ಹೇಳ್ಬೇಡಿ, ಅಂಕಲ್‌ಗೂ."

ಅಕ್ಕಯ್ಯಮ್ಮನವರ ಕಣ್ಣು ತುಂಬಿ ಬಂತು. "ನೋಡು, ಹೆಂಡ್ರ ಕಾಲಿಗೆ ಮಷೀನು ತರ್ಸೋ ಗಂಡ! ನಮ್ಮೋರು ಒಂದಿನ ನಂಗೆ ಒಂದು ಮುಲಾಮು ತಂದ್ಕೊಟ್ಟೋರಲ್ಲ ಕಣಪ್ಪ."

ಗಿರಿರಾಜ ತನ್ನ ಲಿಂಕನ್ನು ಅವರಿಗೆ ಕಳಿಸಿ, ಅವರ ಫೋನಿನಲ್ಲಿ ಅದನ್ನು ಒತ್ತಿದ್ದಷ್ಟೇ. ಅಷ್ಟರಲ್ಲಿ ಅವರ ಮಗಳ ಕರೆ ಬಂತು. ಅಕ್ಕಯ್ಯಮ್ಮನವರು ಫೋನು ಕಸಿದುಕೊಂಡು ಮೊಮ್ಮಗನ ಕೆಮ್ಮಿನ ವಿಚಾರಕ್ಕೆ ಇಳಿದರು. ಕೆಮ್ಮು ಮುಗಿದು ಜ್ವರಕ್ಕೆ ಬಂದಾಗ, "ನೀನು ಓಗಪ್ಪ, ನಾನೇ ಒತ್ತುತೀನಿ. ಸೀರೆ ಎಲ್ಲಾ ನಾನೇ ತರಿಸ್ಕೊಳದು," ಎಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಅವರಿಂದ ಗಿರಿರಾಜನ ಫೋನಿಗೆ ಒಂದು ಹೆಬ್ಬೆರಳ ಚಿತ್ರ ಬಂತು. ಬುಕ್ ಆಗಿದೆ ಎಂದು ಅರ್ಥ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಗೇಟಿನ ಹತ್ತಿರ ಮಾತು ಕೇಳಿಸಿತು. ಗಿರಿರಾಜ ಬಾಲ್ಕನಿಯಿಂದ ಬಗ್ಗಿ ನೋಡಿದ. ದೊಡ್ಡ ಡಬ್ಬ ಹೊತ್ತ ಡೆಲಿವರಿ ಹುಡುಗ. ಅವನ ಎದುರಿಗೆ, ಬೇಗ ಬರಬಾರದಿದ್ದ ದಿನವೇ ಬೇಗ ಬಂದ ನಂಜುಂಡಪ್ಪ.

"ಅಕ್ಕಯ್ಯಮ್ಮ ಅಂತ ಐತ್ರೀ ಹೆಸರು. ಓಟಿಪಿ ಹೇಳ್ರಿ, ರೊಕ್ಕ ಕೊಡ್ರಿ."

"ನಮ್ಮೆಂಗಸ್ರು ಇಷ್ಟು ದೊಡ್ಡದು ಏನ್ ತರ್ಸಿದ್ರು?"

ಗಿರಿರಾಜ ಸಾರು ಮೆತ್ತಿದ ಕೈಯಲ್ಲೇ ಮೆಟ್ಟಿಲು ಹಾರಿ ಬಂದ. "ಸಾರ್, ಅದು ನಂದು! ನನ್ನ ಮಷೀನು. ಸರ್ವೀಸಿಗೆ ಕೊಟ್ಟಿದ್ದೆ. ನನ್ನ ನಂಬರ್ ಹೋಗ್ತಿರ್ಲಿಲ್ಲ, ಆಂಟಿ ನಂಬರ್ ಕೊಟ್ಟಿದ್ದೆ."

"ಓಹೋ. ದಿನಾ ಬಳಸ್ತೀಯಲ್ಲ, ಸರ್ವೀಸು ಬೇಕೇ ಬೇಕು ಬುಡು."

ಹುಡುಗ ಸುಮ್ಮನಿರಲಿಲ್ಲ. "ಸರ್ವೀಸ್ ಅಲ್ರೀ, ಇದು ಹೊಸಾ—"

"ಹೊಸಾ ಪಾರ್ಟ್ಸ್ ಹಾಕಿದ್ದಾರೆ, ಗೊತ್ತಪ್ಪ ಗೊತ್ತು!" ಎಂದು ಗಿರಿರಾಜ ಅವನ ಮಾತನ್ನು ಅರ್ಧದಲ್ಲೇ ಕತ್ತರಿಸಿ, ನಂಜುಂಡಪ್ಪನವರಿಗೆ ಬೆನ್ನು ತಿರುಗಿಸಿ ದುಡ್ಡು ಕಳಿಸಿದ. ಹುಡುಗನ ಫೋನು ಮೊತ್ತವನ್ನು ಬೀದಿಗೆಲ್ಲ ಕೇಳುವಂತೆ ಕೂಗಿತು.

"ಅಯ್ಯಯ್ಯೋ, ಸರ್ವೀಸಿಗೇ ಇಷ್ಟಾ!"

"ವಾರಂಟಿ ಮುಗ್ದಿತ್ತು ಸಾರ್."

ಒಳಗಿನಿಂದ ಬಂದ ಅಕ್ಕಯ್ಯಮ್ಮನವರು ಓಟಿಪಿ ಓದಿ ಹೇಳಿ, ಗಿರಿರಾಜನಿಗೆ ಒಂದು ಕಣ್ಣು ಹೊಡೆದರು. ನಂಜುಂಡಪ್ಪನವರು ಅದನ್ನು ನೋಡಿದರು. ಆಮೇಲೆ ಹೆಂಡತಿಯನ್ನು ಬಹಳ ಹೊತ್ತು ನೋಡುತ್ತಲೇ ಇದ್ದರು.

ಡಬ್ಬ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದರೆ ಬಾಗಿಲಲ್ಲಿ ಸುಧೀಂದ್ರ. ಡಬ್ಬದ ಮೇಲಿನ ಚಿತ್ರ ನೋಡಿ ಅವನ ಮುಖ ಒಂದು ಕ್ಷಣ ಬಾಡಿತು. "ಕಂಪನಿಯವರು ಕಳಿಸಿದ್ರಾ?" ಎಂದ.

"ಹ್ಞೂಂ. ಬೇಡ ಬೇಡ ಅಂದ್ರೂ ಕಳಿಸ್ತಾರೆ ಮಾರಾಯ," ಎಂದು ಹೇಳಿ ಗಿರಿರಾಜ ಬಾಗಿಲು ಹಾಕಿಕೊಂಡ. ಇಡೀ ದಿನದಲ್ಲಿ ಅವನಿಗೆ ಹಿತವೆನಿಸಿದ್ದು ಅದೊಂದೇ ಕ್ಷಣ.

ಈಗ ಹೊಸ ಮಷೀನನ್ನು ಹಳೆಯದು ಮಾಡಬೇಕಿತ್ತು. ಗಿರಿರಾಜ ಅದರ ಮೈಮೇಲಿನ ಪ್ಲಾಸ್ಟಿಕ್ ಕಿತ್ತ. ಕಾಲೊರೆಸುವ ಬಟ್ಟೆಯಿಂದ ಉಜ್ಜಿದ. ವೈರಿಗೆ ಟೇಪು ಸುತ್ತಿದ. ಹೊಸ ವಾಸನೆ ಹೋಗಲೆಂದು ಒಗೆಯದ ಸಾಕ್ಸನ್ನು ಅದರ ಬಾಯೊಳಗೆ ತುರುಕಿ ಇಟ್ಟ.

"ಒಂದು ಸುಳ್ಳಿಗೆ ಎಷ್ಟು ಕೆಲಸ ನೋಡಿ," ಎಂದಳು ಮಾನಸ. "ಇಷ್ಟು ಶ್ರದ್ಧೆಯಿಂದ ನೀವು ಒಂದಿನಾನೂ ಮನೆ ಒರೆಸಿಲ್ಲ."

ಸಂಜೆ ನಂಜುಂಡಪ್ಪನವರು ಬಂದು ಸೋಫಾದಲ್ಲಿ ಕೂತು, ಪಂಚೆ ಮೇಲೆತ್ತಿ ಎರಡೂ ಕಾಲು ಒಳಗಿಟ್ಟರು. ಗಿರಿರಾಜ ಒಂದು ಗುಂಡಿ ಒತ್ತಿದ. ಮಷೀನು ಬೆಕ್ಕಿನಂತೆ ಗುರುಗುಟ್ಟಿತು.

"ಆಹಾ," ಎಂದರು ನಂಜುಂಡಪ್ಪ. ಆಮೇಲೆ, "ಒಸಿ ಬಿಗಿ ಆಯ್ತು," ಎಂದರು. ಅದಾದ ಮೇಲೆ, "ಬುಡ್ಸ್ಲಾ!" ಎಂದು ಕಿರುಚಿದರು.

ಗಿರಿರಾಜ ಇನ್ನೊಂದು ಗುಂಡಿ ಒತ್ತಿದ. ಮಷೀನು ಬಿಸಿಯಾಯಿತು. ಮತ್ತೊಂದು ಒತ್ತಿದ. ಅದು ಮೊಸಳೆಯಂತೆ ಕಚ್ಚಿಕೊಂಡು ಅದುರತೊಡಗಿತು. ನಂಜುಂಡಪ್ಪನವರು ಎದ್ದು ನಿಲ್ಲಲು ಹೋಗಿ, ಮಷೀನಿನ ಸಮೇತ ಎರಡು ಸಲ ಕುಪ್ಪಳಿಸಿ ಮತ್ತೆ ಸೋಫಾದ ಮೇಲೆ ಬಿದ್ದರು. ಕೂಗು ಕೇಳಿ ಓಡಿಬಂದ ಸುಧೀಂದ್ರ ಯಾವ ಗುಂಡಿಯನ್ನೂ ಮುಟ್ಟದೆ ಗೋಡೆಯ ಸ್ವಿಚ್ ಆರಿಸಿದ. ಮಷೀನು ನಿಟ್ಟುಸಿರು ಬಿಟ್ಟು ಕಾಲುಗಳನ್ನು ಹೊರಗೆ ಕೊಟ್ಟಿತು.

"ನೀನಿಲ್ದಿದ್ರೆ ನನ್ ಕಾಲು ಹೋಗ್ತಿತ್ತು ಕಣಪ್ಪ," ಎಂದು ನಂಜುಂಡಪ್ಪನವರು ಸುಧೀಂದ್ರನ ಕೈ ಹಿಡಿದುಕೊಂಡರು. ಗಿರಿರಾಜನಿಗೆ ಮತ್ತೆ ಒಗ್ಗರಣೆಯ ವಾಸನೆ ಬಂತು. ತನ್ನ ಮನೆ, ತನ್ನ ಮಷೀನು, ತನ್ನ ಸ್ವಿಚ್ಚು. ಹೆಸರು ಮಾತ್ರ ಸುಧೀಂದ್ರನಿಗೆ. ಅವನು ಹೊರಟುಹೋದ ಮೇಲೆ ನಂಜುಂಡಪ್ಪನವರು ಇತ್ತ ತಿರುಗಿದರು.

"ದಿನಾ ಬಳಸೋನಿಗೆ ಗುಂಡಿ ಗೊತ್ತಿಲ್ವಾ ಗಿರಿ?"

"ಸರ್ವೀಸಲ್ಲಿ ಎಲ್ಲಾ ಅದಲುಬದಲು ಮಾಡಿಬಿಟ್ಟಿದ್ದಾರೆ ಸಾರ್."

ನಂಜುಂಡಪ್ಪನವರು ಎದ್ದು ಎರಡು ಹೆಜ್ಜೆ ಹಾಕಿದರು. ಮುಖ ಅರಳಿತು. ಮಂಡಿ ಹೂವಿನಂತಾಗಿತ್ತು.

"ಚೆನ್ನಾಗೈತೆ ಕಣ್ಲಾ! ತಗೊಳೋದೇ."

ಗಿರಿರಾಜ ತನ್ನ ಫೋನು ತೆಗೆದ. "ಲಿಂಕ್ ಕಳಿಸ್ಲಾ ಸಾರ್? ಮೂರು?"

"ಮೂರ್ ಯಾಕೆ? ಬೀಗ್ರಿಗೆ ಏನ್ ಬಂದೈತೆ ರೋಗ. ನಂಗೊಂದು ಸಾಕು. ಹೊಸದೂ ಬ್ಯಾಡ. ಎರಡು ವರ್ಷ ದಿನಾ ಬಳಸಿದ್ರೂ ಕಲ್ಲುಗುಂಡಿನಂಗೈತೆ, ಪಾರ್ಟ್ಸೂ ಹೊಸದು ಹಾಕಿಸಿದ್ದೀಯ. ಇದನ್ನೇ ಕೊಟ್ಬುಡು. ಹಳೇದು ಅಂದ್ಮೇಲೆ ಅರ್ಧ ರೇಟು. ಏನಂತೀಯಾ?"

ಗಿರಿರಾಜ ಬಾಯಿ ತೆರೆದ. ಹಳೆಯದಲ್ಲ ಎನ್ನಬೇಕೆಂದರೆ ಸುಳ್ಳನೆಂದು ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿದ. ನಂಜುಂಡಪ್ಪನವರು ಮಷೀನನ್ನು ಮಗುವಿನಂತೆ ಎತ್ತಿಕೊಂಡು ಕೆಳಗಿಳಿದರು. ಒಳಗೆ ಮಾನಸ ಸೆರಗು ಬಾಯಿಗಿಟ್ಟುಕೊಂಡಿದ್ದರೂ ನಗು ಅಡುಗೆಮನೆಯಿಂದ ಹೊರಗೆ ಸೋರುತ್ತಿತ್ತು.

ಅಕ್ಕಯ್ಯಮ್ಮನವರು ಕೊಂಡಿದ್ದರ ಕಮಿಷನ್ನಾದರೂ ಬಂದಿರುತ್ತದಲ್ಲ ಎಂದು ಗಿರಿರಾಜ ತನ್ನ ಖಾತೆ ತೆರೆದ. ಸೊನ್ನೆ ಹಾಗೇ ಇತ್ತು. ಮುಚ್ಚಿ ಮತ್ತೆ ತೆರೆದ. ಇನ್ನಷ್ಟು ದುಂಡಗೆ ಕಂಡಿತು.

ಕಾಲಿಂಗ್ ಬೆಲ್ ಬಾರಿಸಿತು. ಸುಧೀಂದ್ರ ಮೈಸೂರುಪಾಕಿನ ಡಬ್ಬ ಹಿಡಿದು ನಿಂತಿದ್ದ. ಕಣ್ಣು ಒದ್ದೆ.

"ಗಿರಿ, ನಿಂಗೆ ಮಾತ್ರ ಹೇಳ್ತೀನಿ, ಇನ್ನು ತಡ್ಕೊಳ್ಳಕ್ಕಾಗಲ್ಲ. ಆ ಟೀವಿ ಲಿಂಕಿಂದಲ್ಲ, ಕಂತಲ್ಲಿ ತಗೊಂಡಿದ್ದು. ಇವತ್ತಿನವರೆಗೂ ನನ್ನ ಲಿಂಕಲ್ಲಿ ಒಂದು ಚಮಚ ಕೂಡ ಯಾರೂ ಕೊಂಡಿರ್ಲಿಲ್ಲ. ನಿನ್ನ ಪುಟದಲ್ಲಿ ದಿನಾ ಹೊಸ ಸಾಮಾನು ನೋಡಿ, ನಿಂಗೆ ಕಂಪನಿಯವರು ಪುಕ್ಕಟೆ ಕಳಿಸ್ತಾರೆ ಅಂತ ಹೊಟ್ಟೆ ಉರಿದು ಸುಳ್ಳು ಹೇಳ್ದೆ. ಇವತ್ತು ನೋಡು, ಮೊದಲನೇ ಗಿರಾಕಿ! ಅದೇ ಕಾಲಿನ ಮಷೀನು. ಯಾರೋ ಪುಣ್ಯಾತ್ಮ."

ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಗಂಡ ಕೊಟ್ಟ ಅರ್ಧ ದುಡ್ಡು ಹಿಡಿದು ಅಕ್ಕಯ್ಯಮ್ಮನವರು ಬಂದಿದ್ದರು.

"ಆಂಟಿ," ಎಂದ ಗಿರಿರಾಜ. "ಬೆಳಿಗ್ಗೆ ನನ್ನ ಲಿಂಕೇ ತಾನೇ ಒತ್ತಿದ್ದು?"

"ಮಗಳ ಫೋನು ಬಂತಲ್ಲಪ್ಪ, ಆಮ್ಯಾಕೆ ನಿಂದು ಎಲ್ಲೋ ಒಂಟೋಯ್ತು. ಗ್ರೂಪಲ್ಲಿ ಸುಧೀಂದ್ರಂದು ಇತ್ತು, ಅದೇ ಚಿತ್ರ. ಅದುನ್ನೇ ಒತ್ತಿದೆ. ಮಷೀನು ಒಂದೇ ಅಲ್ವಾ? ದುಡ್ಡೂ ನೀನೇ ಕೊಟ್ಟೆ."

ಸುಧೀಂದ್ರ ಅವರನ್ನು ನೋಡಿದ. ಗಿರಿರಾಜನನ್ನು ನೋಡಿದ. ಮೈಸೂರುಪಾಕಿನ ಡಬ್ಬವನ್ನು ಅಕ್ಕಯ್ಯಮ್ಮನವರ ಕೈಗಿಟ್ಟು ಗಿರಿರಾಜನನ್ನು ಬಾಚಿ ತಬ್ಬಿಕೊಂಡ.

"ನೀನಾ ಗಿರಿ! ನಿನ್ನದೇ ಲಿಂಕಿದ್ರೂ, ಬೇರೆಯವರ ಕೈಲಿ ನನ್ನ ಲಿಂಕಿಂದ ಕೊಂಡೆಯಾ? ನಾನು ನಿನ್ನ ನೋಡಿ ಹೊಟ್ಟೆ ಉರ್ಕೊಂಡಿದ್ನಲ್ಲೋ!"

ಎದುರಾಳಿಯ ಕಣ್ಣೀರು ಗಿರಿರಾಜನ ಬನಿಯನ್ನಿಗೆ ಇಳಿಯುತ್ತಿತ್ತು. ಸುಧೀಂದ್ರ ಅವನ ಹೆಗಲ ಮೇಲೆ ಕೈಹಾಕಿ, ಇಬ್ಬರ ಮುಖವೂ ಬರುವಂತೆ ಒಂದು ಫೋಟೋ ತೆಗೆದು, ಮೂಗೊರೆಸಿಕೊಳ್ಳುತ್ತ ಫೋನಿನ ಮೇಲೆ ಏನೋ ಕುಟ್ಟಿದ.

ಗಿರಿರಾಜನ ಫೋನು ಟಿಣ್ ಎಂದಿತು. ಬಿಲ್ಡಿಂಗಿನ ಗ್ರೂಪು. 'ಇಂದು ಬೆಳಿಗ್ಗೆ ತಾನೇ ಹೊಚ್ಚ ಹೊಸ ಕಾಲು ಒತ್ತುವ ಮಷೀನು ಕೊಂಡು, ನನ್ನ ಮೊದಲ ಗಿರಾಕಿಯಾದ ಆತ್ಮೀಯ ಗೆಳೆಯ ಗಿರಿಗೆ ಹೃತ್ಪೂರ್ವಕ ವಂದನೆಗಳು.'

ಕೆಳಮನೆಯಲ್ಲಿ ಗುರುಗುಟ್ಟುತ್ತಿದ್ದ ಮಷೀನು ಥಟ್ಟನೆ ನಿಂತಿತು.

"ಗಿರೀ," ಎಂಬ ನಂಜುಂಡಪ್ಪನವರ ದನಿ ಮೆಟ್ಟಿಲೇರಿ ಬಂತು. "ಒಸಿ ಕೆಳಿಕ್ ಬಾ."