ಬಾಗಿಲ ಹಿಂದಿನ ಲೋಳೆಸರ

ಒಂದು ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ, ಪೆರೈರಾ ಪಟ್ಟಣದ ತುಂಬಿದ ಬಸ್ಸಿನಲ್ಲಿ, ಎವೆಲಿಯೊಗೆ ಮುಪ್ಪು ಬಂತು. ಹಿಂದಿನ ಸ್ಟಾಪಿನವರೆಗೂ ಅವನು ಯುವಕನೇ ಆಗಿದ್ದ. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಫೋನ್ ಕಿತ್ತು, ಎದ್ದು ನಿಂತು, ಬಲು ಅಕ್ಕರೆಯಿಂದ, "ಬನ್ನಿ ಅಜ್ಜ, ಕೂತ್ಕೊಳ್ಳಿ" ಅಂದಳು.

ಎವೆಲಿಯೊ ಹಿಂದೆ ತಿರುಗಿ ನೋಡಿದ. ಹಿಂದೆ ಯಾವ ಅಜ್ಜನೂ ಇರಲಿಲ್ಲ. ಒಂದು ಕಿಟಕಿ ಇತ್ತು.

"ಬೇಡಮ್ಮ, ನಾನು ಮುಂದಿನ ಸ್ಟಾಪಲ್ಲೇ ಇಳೀತೀನಿ" ಎಂದ. ಹೇಳಿದ ಮೇಲೆ ಇಳಿಯಲೇಬೇಕಲ್ಲ! ಇಳಿದ. ಅಂಗಡಿಗೆ ಇನ್ನೂ ಹನ್ನೊಂದು ಬೀದಿ ಬಾಕಿಯಿತ್ತು. ಸುಳ್ಳಿನ ಮರ್ಯಾದೆ ಕಾಪಾಡಲು ಹನ್ನೊಂದನ್ನೂ ನಡೆದ, ಕೊನೆಯ ಮೂರನ್ನು ಏದುಸಿರು ಬಿಡುತ್ತ. ಅವನ ವಯಸ್ಸು ನಲವತ್ತೊಂಬತ್ತು ವರ್ಷ ನಾಲ್ಕು ತಿಂಗಳು. (ನಾಲ್ಕು ತಿಂಗಳನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.)

ಅವನದು ಕ್ಷೌರದಂಗಡಿ. ಇಪ್ಪತ್ತಾರು ವರ್ಷದಿಂದ ದಿನವಿಡೀ ಕನ್ನಡಿಯೆದುರು ನಿಂತವನು. ಆದರೆ ಕನ್ನಡಿಯಲ್ಲಿ ಗಿರಾಕಿಯ ಕಿವಿ ನೋಡುವುದೇ ಅಭ್ಯಾಸವಾಗಿ, ಆ ಕಿವಿಯ ಹಿಂದೆ ಕತ್ತರಿ ಹಿಡಿದು ನಿಂತಿರುವ ಮಹಾಶಯ ಯಾರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಅಂದು ವಿಚಾರಿಸಿದ. ಕಣ್ಣಿನ ಕೆಳಗೆ ಎರಡು ಚೀಲ, ಹಣೆಯಲ್ಲಿ ನಾಲ್ಕು ಗೆರೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಮೂರನೆಯದಕ್ಕೆ ಅಡಿಪಾಯವೂ ಬಿದ್ದಿತ್ತು.

ಸಂಜೆ ಅಡುಗೆಮನೆಯಲ್ಲಿ ಹೆಂಡತಿ ನೂಬಿಯಾ ಬಾಳೆಕಾಯಿ ಸಿಪ್ಪೆ ಹೆರೆಯುತ್ತಿದ್ದಳು.

"ನೂಬಿಯಾ, ನಾನು ಅಜ್ಜನ ಥರ ಕಾಣ್ತೀನಾ?"

"ಯಾರ ಅಜ್ಜನ ಥರ?"

"ಯಾರದ್ದಾದ್ರೂ."

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನನ್ನಜ್ಜನ ಥರ ಅಂತೂ ಕಾಣಲ್ಲಪ್ಪ. ನನ್ನಜ್ಜ ತೆಳ್ಳಗಿದ್ರು."

ಮಾರನೆಯ ದಿನವೇ ಎವೆಲಿಯೊನ ಕಾಯಕಲ್ಪ ಮಹಾಯಜ್ಞ ಆರಂಭವಾಯಿತು. ಬೆಳಿಗ್ಗೆ ಐದೂವರೆಗೆ ಫ್ರಿಜ್ಜಿನ ಹಿಡಿಯನ್ನು ಆಧಾರಕ್ಕೆ ಹಿಡಿದು ಮೂವತ್ತು ಬೈಠಕ್. ಬಾಗಿದಾಗಲೆಲ್ಲ ಬಾಗಿಲು ತೆರೆದು, ದೀಪ ಹತ್ತಿ, ಒಳಗಿನಿಂದ ಚೀಸಿನ ಗಡ್ಡೆ ದಿವ್ಯದರ್ಶನ ಕೊಡುತ್ತಿತ್ತು. ಹನ್ನೆರಡನೆಯ ದರ್ಶನಕ್ಕೆ ಭಕ್ತಿ ಉಕ್ಕಿ, ಉಳಿದ ಹದಿನೆಂಟನ್ನು ಅವನು ಚೀಸ್ ಜಗಿಯುತ್ತ ಮನಸ್ಸಿನಲ್ಲೇ ಮುಗಿಸುತ್ತಿದ್ದ.

ಚರ್ಮದ ಖಾತೆಗೆ ಸಲಹೆ ಕೊಟ್ಟವನು ಒಬ್ಬ ಗಿರಾಕಿ. "ಕ್ರೀಮು ಗ್ರೀಮು ಎಲ್ಲ ದಂಡ ಮಾರಾಯ. ತಾಜಾ ಲೋಳೆಸರ ಹಚ್ಚು. ನಮ್ಮತ್ತಿಗೆ ಹಚ್ಚಿ ಹಚ್ಚಿ, ಈಗ ಅವಳ ಮಗಳಿಗೇ ತಂಗಿ ಥರ ಕಾಣ್ತಾಳೆ."

ಲೋಳೆಸರಕ್ಕೆ ಎವೆಲಿಯೊ ಎಲ್ಲಿಗೂ ಹೋಗಬೇಕಿರಲಿಲ್ಲ. ಮನೆಯ ಬೀದಿಬಾಗಿಲ ಹಿಂದೆಯೇ ಒಂದು ತಲೆಕೆಳಗಾಗಿ ತೂಗುತ್ತಿತ್ತು. ಬೇರು ಮೇಲೆ, ಎಲೆ ಕೆಳಗೆ, ಸೊಂಟಕ್ಕೆ ಕೆಂಪು ರಿಬ್ಬನ್ನು, ಪಕ್ಕದಲ್ಲೊಂದು ಬೆಳ್ಳುಳ್ಳಿ. ಅದು ಅತ್ತೆಯದು. ಅತ್ತೆ ಎರ್ಸೀಲಿಯಾ ಎಪ್ಪತ್ನಾಲ್ಕರ ಹೆಂಗಸು. ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಪಾದ್ರಿಯ ಕೈಯಲ್ಲಿ ತೀರ್ಥ ಚಿಮುಕಿಸಿಕೊಂಡು ಬಂದು ತೂಗುಹಾಕಿದ್ದು. ಮಣ್ಣಿಲ್ಲ, ನೀರಿಲ್ಲ, ಆದರೂ ಹನ್ನೊಂದು ಎಲೆ ಬಿಟ್ಟು ಕೊಬ್ಬಿ ನಿಂತಿತ್ತು. ಮನೆಗೆ ಬಂದವರ ಹೊಟ್ಟೆಕಿಚ್ಚನ್ನೆಲ್ಲ ಹೊಸ್ತಿಲಲ್ಲೇ ಹೀರಿಕೊಳ್ಳುವುದು ಅದರ ಉದ್ಯೋಗ. ಅದು ಪುಷ್ಟಿಯಾಗಿದ್ದರೆ ಮನೆ ಸುಖವಾಗಿದೆ ಎಂದರ್ಥ. ಬಾಡಿದರೆ ಯಾರದೋ ಕಣ್ಣು ಬಿದ್ದಿದೆ ಎಂದರ್ಥ. ಅಳಿಯ ಕತ್ತರಿಸಿದರೆ ಏನರ್ಥ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ದಿನಕ್ಕೊಂದು ಎಲೆ. ಕ್ಷೌರಿಕನ ಕೈ, ಬುಡಕ್ಕೇ ನಯವಾಗಿ ಕತ್ತರಿಸಿ, ಗಾಯ ಕಾಣದಂತೆ ರಿಬ್ಬನ್ನನ್ನು ಸರಿಸಿಬಿಡುತ್ತಿದ್ದ. ಸ್ನಾನದ ಮನೆಯ ಚಿಲಕ ಹಾಕಿಕೊಂಡು ಹಸಿಹಸಿಯಾಗಿಯೇ ಮುಖಕ್ಕೆ ತಿಕ್ಕುತ್ತಿದ್ದ. ಚುರುಚುರು ಅನ್ನುತ್ತಿತ್ತು. ಯೌವನ ವಾಪಸು ಬರುವಾಗ ಸ್ವಲ್ಪ ಸದ್ದು ಮಾಡುವುದು ಸಹಜವೆಂದುಕೊಂಡ.

ಐದನೆಯ ದಿನ ಅತ್ತೆ ಬಾಗಿಲ ಹಿಂದೆ ನಿಂತು ಎಣಿಸಿದಳು. ಆರು. ಮತ್ತೆ ಎಣಿಸಿದಳು.

"ನೂಬಿಯಾ! ಬಾ ಇಲ್ಲಿ! ಐದು ಎಲೆ ಮಾಯ!"

"ಒಣಗಿ ಬಿದ್ದಿರ್ಬೇಕಮ್ಮ."

"ಒಣಗಿದ್ರೆ ಕೆಳಗೆ ಸಿಗ್ಬೇಕಿತ್ತಲ್ಲೇ? ನುಂಗ್‌ಬಿಟ್ಟಿದೆ! ಇಡೀ ಎಲೆ ನುಂಗೋ ಅಂಥ ಕಣ್ಣು ನನ್ನ ಜನ್ಮದಲ್ಲಿ ನೋಡಿಲ್ಲ." ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ದನಿ ತಗ್ಗಿಸಿದಳು. "ಕಳೆದ ವಾರ ಬೆನೀಲ್ದಾ ಬಂದಿದ್ಲು. 'ಎಷ್ಟು ಚೆನ್ನಾಗಿ ಕೊಬ್ಬಿದೆ ನಿನ್ನ ಗಿಡ' ಅಂದ್ಲು. 'ದೇವರು ಕಾಪಾಡ್ಲಿ' ಅನ್ನೋ ಮಾತು ಮಾತ್ರ ಅವಳ ಬಾಯಿಂದ ಬರ್ಲಿಲ್ಲ!"

ಅರೇಪಾ ರೊಟ್ಟಿಯ ಮೇಲೆ ಬೆಣ್ಣೆ ಸವರುತ್ತಿದ್ದ ಎವೆಲಿಯೊನ ಚಾಕು ಗಾಳಿಯಲ್ಲೇ ನಿಂತಿತು.

ಬೆನೀಲ್ದಾ ಪಕ್ಕದ ಮನೆಯಾಕೆ, ಅತ್ತೆಗಿಂತ ಒಂದು ವರ್ಷ ದೊಡ್ಡವಳು. ಮೂವತ್ತೆಂಟು ವರ್ಷದಿಂದ ಇಬ್ಬರೂ ಹಿತ್ತಿಲಗೋಡೆಯ ಆಚೀಚೆ ನಿಂತು ಬೆಳಗಿನ ಬಿಸಿ ಚಾಕಲೇಟು ಕುಡಿದವರು. ಒಬ್ಬಳ ಗಂಡ ಸತ್ತಾಗ ಇನ್ನೊಬ್ಬಳು ತಿಂಗಳುಗಟ್ಟಲೆ ಜೊತೆಗೆ ಮಲಗಿದವಳು. ಈಗ ಬೆನೀಲ್ದಾಳ ಮನೆಯಿಂದ ಹುರುಳಿಸಾರು ತುಂಬಿಸಿಕೊಂಡು ಬಂದಿದ್ದ ಪಾತ್ರೆಯನ್ನು ಅತ್ತೆ ಗೋಡೆಯ ಮೇಲೆ ಇಟ್ಟು ಬಂದಳು. ಖಾಲಿಯಾಗಿ! ಒಂದು ನಿಂಬೆಹಣ್ಣನ್ನೂ ಹಾಕದೆ!

ಹತ್ತು ನಿಮಿಷದಲ್ಲಿ ಆಚೆಯಿಂದ ಬೆನೀಲ್ದಾಳ ಕಿಟಕಿ ಮುಚ್ಚಿಕೊಂಡ ಸದ್ದು ಇಡೀ ಬೀದಿಗೆ ಕೇಳಿತು.

ಅಂದು ಸಂಜೆ ನೂಬಿಯಾ ಗಂಡನ ಎದುರು ಬಂದು ನಿಂತಳು. "ಬಚ್ಚಲ ಬೇಸಿನ್ ತೊಳೆದೆ. ಲೋಳೆ ಅಂಟ್ಕೊಂಡಿತ್ತು."

ಎವೆಲಿಯೊ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡ.

"ನಾನು ಯಾರಿಗೂ ಹೇಳಲ್ಲ. ನೀನೇ ಹೇಳ್ಬೇಕು. ಅಮ್ಮ ಇವತ್ತು ಚಾಕಲೇಟು ಅರ್ಧ ಲೋಟ ಹಾಗೇ ಬಿಟ್ಟಿದ್ದಾಳೆ, ಎವೆಲಿಯೊ."

"ಹೇಳ್ತೀನಿ, ಹೇಳ್ತೀನಿ. ಇನ್ನೆರಡು ದಿನ ಬಿಡು. ಮುಖ ಈಗ ತಾನೇ ಬಣ್ಣ ಹಿಡೀತಿದೆ."

ಬಣ್ಣವೇನೋ ಹಿಡಿದಿತ್ತು. ಟೊಮೆಟೊದ ಬಣ್ಣ. ಗಿರಾಕಿಗಳು "ಬಿಸಿಲಲ್ಲಿ ನಿದ್ದೆ ಹೋಗ್ಬಿಟ್ಟಿದ್ಯಾ?" ಎಂದು ಕೇಳತೊಡಗಿದ್ದರು.

ಭಾನುವಾರ ಬಂತು. ಭಾನುವಾರ ಬೆಳಿಗ್ಗೆ ಚೌಕದಲ್ಲಿ ಧ್ವನಿವರ್ಧಕ ಹಾಕಿ ಊರಿಗೆಲ್ಲ ಕುಣಿಯುವ ವ್ಯಾಯಾಮ. ವೇದಿಕೆಯ ಮೇಲೆ ಒಬ್ಬ ಮಾಸ್ತರು, ಕೆಳಗೆ ಇನ್ನೂರು ಜನ. ಮೊದಲ ಸಾಲಿನ ನಡುವಿನ ಜಾಗ ಎಂಟು ವರ್ಷದಿಂದ ಎರ್ಸೀಲಿಯಾ-ಬೆನೀಲ್ದಾ ಜೋಡಿಯದು. ಆ ಜಾಗಕ್ಕೆ ಕಾಲಿಡಲು ಮಾಸ್ತರಿಗೂ ಧೈರ್ಯವಿರಲಿಲ್ಲ. ಅಂದು ಅತ್ತೆ ಒಬ್ಬಳೇ ನಿಂತಿದ್ದಳು. ಕೊನೆಯ ಸಾಲಿನಲ್ಲಿ ಎವೆಲಿಯೊ, ತನ್ನ ಹೊಸ ಟ್ರ್ಯಾಕ್ ಪ್ಯಾಂಟಿನೊಳಗೆ ಹೊಟ್ಟೆಯನ್ನು ಎಳೆದು ಬಂಧಿಸಿಕೊಂಡು, ಉಸಿರನ್ನು ಸಾಲ ತಂದವನಂತೆ ಕುಣಿಯುತ್ತಿದ್ದ.

ಎಲ್ಲರೂ ಎಡಕ್ಕೆ ಹೋದಾಗ ಅತ್ತೆ ಬಲಕ್ಕೆ ಹೋದಳು. ಎಲ್ಲರೂ ತಿರುಗಿದಾಗ ಇವಳು ತಿರುಗಲಿಲ್ಲ. ಮೂರನೆಯ ಹಾಡಿಗೆ ಸಾಲು ಬಿಟ್ಟು ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು. ಎವೆಲಿಯೊಗೆ ನಿಲ್ಲಲು ಒಳ್ಳೆಯ ನೆಪ ಸಿಕ್ಕಿತು. (ಕರುಣೆಯೂ ಇತ್ತು. ಮೊದಲು ನೆಪ, ಆಮೇಲೆ ಕರುಣೆ.)

"ಏನಾಯ್ತತ್ತೆ? ಮಂಡಿ ನೋವಾ?"

"ಮಂಡಿಗೇನು ಧಾಡಿ! ನಂಗೆ ಎಡ ಬಲ ಗೊತ್ತಾಗಲ್ಲ ಕಣಯ್ಯ, ಹುಟ್ಟಿದಾಗಿಂದ. ಅವಳು ಪಕ್ಕದಲ್ಲಿ 'ಎಡ... ಎಡ... ಈಗ ಬಲ' ಅಂತ ಪಿಸುಗುಡ್ತಿದ್ಲು." ಕಣ್ಣೊರೆಸಲು ಕರವಸ್ತ್ರ ಹುಡುಕುತ್ತ ಹೇಳಿದಳು, "ಕೆಟ್ಟ ಕಣ್ಣಿನವಳು ಅಂತ ಗೊತ್ತಾದ ಮೇಲೂ ಅವಳ ದನಿಯೇ ಬೇಕು ಅನ್ಸುತ್ತಲ್ಲ, ಏನು ಮಾಡ್ಲಿ?"

ಎವೆಲಿಯೊಗೆ ಮುಖ ಉರಿಯಿತು. ಈ ಸಲ ಲೋಳೆಸರದಿಂದಲ್ಲ. ಧ್ವನಿವರ್ಧಕದ ಗದ್ದಲವನ್ನು ಮೀರಿಸಲು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದ. ಅದೇ ಕ್ಷಣಕ್ಕೆ ಹಾಡು ಮುಗಿಯಿತು.

"ಎಲೆ ಕದ್ದಿದ್ದು ನಾನು ಅತ್ತೆ! ಮುಖಕ್ಕೆ ಹಚ್ಕೊಳ್ಳೋಕೆ! ಚೆನ್ನಾಗಿ ಕಾಣ್ಲಿ ಅಂತ!"

ಇನ್ನೂರು ಜನ ಒಟ್ಟಿಗೆ ತಿರುಗಿ ಅವನ ಮುಖ ನೋಡಿದರು. ಚೆನ್ನಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿದರು. ಫಲಿತಾಂಶ ಅವರ ಮುಖದಲ್ಲೇ ಬರೆದಿತ್ತು.

ಅತ್ತೆ ಬೆಂಚಿನಿಂದ ಎದ್ದಳು. ಅಳಿಯನ ರಟ್ಟೆ ಹಿಡಿದು, ಐದು ಬೀದಿ ದಾಟಿಸಿ, ಬೆನೀಲ್ದಾಳ ಬಾಗಿಲು ಬಡಿದು, ಅವನನ್ನು ಮುಂದಕ್ಕೆ ತಳ್ಳಿದಳು. "ತಗೋ. ನಿನ್ನ ಕೆಟ್ಟ ಕಣ್ಣು ಇದು. ಕಾಲು ಬಂದಿದೆ ಅದಕ್ಕೆ."

ಬೆನೀಲ್ದಾ ಸೊಂಟದ ಮೇಲೆ ಕೈಯಿಟ್ಟು ಎಲ್ಲ ಕೇಳಿದಳು. ಕೋಪ ಮಾಡಿಕೊಳ್ಳುವವಳಿದ್ದಳು. ಆದರೆ ಆ ಟೊಮೆಟೊ ಮುಖವನ್ನು ಎದುರಿಗಿಟ್ಟುಕೊಂಡು ಕೋಪವನ್ನು ಎಷ್ಟು ಹೊತ್ತು ನಿಲ್ಲಿಸಲಾದೀತು?

"ಏನೋ, ಹಳದಿ ರಸ ಇಳಿಸಿದ್ಯಾ ಹಚ್ಚೋ ಮುಂಚೆ?"

"ಯಾವ ಹಳದಿ ರಸ?"

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಸಿಪ್ಪೆ ತೆಗೆದ್ಯಾ? ನೀರಲ್ಲಿ ನೆನೆಸಿಟ್ಯಾ?"

"ಹಾಗೆಲ್ಲ ಮಾಡ್ಬೇಕಾ?"

ಬೆನೀಲ್ದಾ ಅವನನ್ನು ಹಿತ್ತಿಲಿಗೆ ಎಳೆದೊಯ್ದಳು. ಅಲ್ಲಿ ಗೋಡೆಯುದ್ದಕ್ಕೂ ಲೋಳೆಸರ, ಒಂದು ಸೈನ್ಯಕ್ಕೆ ಸಾಲುವಷ್ಟು. "ಪ್ರತಿ ಸೋಮವಾರ ನಾವಿಬ್ಬರೂ ಹಚ್ಕೊಳ್ಳೋದು ಇದನ್ನ. ಮೂವತ್ತು ವರ್ಷದಿಂದ. ನಮ್ಮನ್ನ ಕೇಳಿದ್ರೆ ಬುಟ್ಟಿ ತುಂಬ ಕೊಡ್ತಿದ್ವಲ್ಲೋ ದಡ್ಡ!"

ಎವೆಲಿಯೊ ಮೊಟ್ಟಮೊದಲ ಬಾರಿಗೆ ಆ ಇಬ್ಬರ ಕೆನ್ನೆಗಳನ್ನು ಗಮನವಿಟ್ಟು ನೋಡಿದ. ಕ್ಷೌರಿಕನಾಗಿ ಹೇಳುವುದಾದರೆ, ಅವನ ಗಿರಾಕಿಗಳಲ್ಲಿ ನಲವತ್ತರವರಿಗೂ ಅಂಥ ಕೆನ್ನೆ ಇರಲಿಲ್ಲ.

ಆಗ ಅತ್ತೆಗೆ ಇನ್ನೊಂದು ವಿಷಯ ಹೊಳೆದು, ಗೋಡೆ ಹಿಡಿದು ನಗತೊಡಗಿದಳು. "ಅಯ್ಯೋ ಬೆನೀಲ್ದಾ, ಬಾಗಿಲ ಹಿಂದಿನ ಗಿಡ ಕಣೇ! ನಾಲ್ಕು ವರ್ಷದಿಂದ ಬೀದಿಯವರ ಹೊಟ್ಟೆಕಿಚ್ಚೆಲ್ಲ ಕುಡಿದು ಕೂತಿತ್ತು! ಅಷ್ಟನ್ನೂ ಇವನು ಮುಖಕ್ಕೆ ಬಳ್ಕೊಂಡಿದ್ದಾನೆ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಬೆನೀಲ್ದಾ ಕಣ್ಣೊರೆಸಿಕೊಂಡು, "ಪಾತ್ರೆ ಖಾಲಿ ಕಳಿಸಿದ್ಯಲ್ಲೇ ಪಾಪಿ" ಎಂದಳು. "ತುಂಬಿಸಿ ತರ್ತೀನಿ, ಒಲೆ ಹಚ್ಚು" ಎಂದಳು ಅತ್ತೆ. ಎವೆಲಿಯೊಗೂ ಒಂದು ಲೋಟ ಚಾಕಲೇಟು ಸಿಕ್ಕಿತು, ಗೋಡೆಯ ಕಡೆ ಮುಖ ಮಾಡಿ ಕೂತು ಕುಡಿಯಬೇಕೆಂಬ ಷರತ್ತಿನ ಮೇಲೆ. ಅವನನ್ನು ನೋಡಿದರೆ ಅವರ ಬಾಯಲ್ಲಿದ್ದದ್ದು ಮೂಗಿಗೆ ಹತ್ತುತ್ತಿತ್ತು.

ಸೋಮವಾರ ಬೆಳಿಗ್ಗೆ ಮುಲಾಮು ಕೊಡಿಸಲು ಅತ್ತೆಯೇ ಅಳಿಯನನ್ನು ಬಸ್ಸಿನಲ್ಲಿ ಚರ್ಮದ ವೈದ್ಯರ ಬಳಿ ಕರೆದೊಯ್ದಳು. ಬಸ್ಸು ತುಂಬಿತ್ತು. ಒಬ್ಬ ತರುಣಿ, ಮೊದಲಿನವಳಲ್ಲ, ಅವರಿಬ್ಬರನ್ನೂ ನೋಡಿ ಎದ್ದು ನಿಂತಳು. ಎವೆಲಿಯೊ ದೊಡ್ಡ ಮನಸ್ಸಿನಿಂದ ಅತ್ತೆಗೆ ದಾರಿ ಬಿಟ್ಟ.

"ಅಮ್ಮಾ," ಎಂದಳು ತರುಣಿ ಅತ್ತೆಗೆ, "ನಿಮ್ಮ ಯಜಮಾನ್ರನ್ನ ಇಲ್ಲಿ ಕೂರಿಸಿ, ಪಾಪ."

ಎವೆಲಿಯೊ ಬಾಯಿ ತೆರೆದ. ಅತ್ತೆ ಒಮ್ಮೆ ಕೂದಲು ಸವರಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು, ಬಸ್ಸಿನ ಗಾಜಿನಲ್ಲಿ ತನ್ನ ಕೆನ್ನೆಯನ್ನೊಮ್ಮೆ ನೋಡಿಕೊಂಡಳು.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಳೇ" ಎಂದು ಹೇಳಿ, ಅಳಿಯನ ಭುಜದ ಮೇಲೆ ಕೈಯಿಟ್ಟು ಒತ್ತಿದಳು. "ಕೂತ್ಕೊಳ್ಳೀಂದ್ರೆ. ಹಟ ಮಾಡ್ಬೇಡಿ."

ಎವೆಲಿಯೊ ಕೂತ. ವೈದ್ಯರ ಬಳಿ ತಲುಪಲು ಇನ್ನೂ ಹದಿನಾಲ್ಕು ಬೀದಿಯಿತ್ತು. ನಿಜ ಹೇಳಬೇಕೆಂದರೆ, ಸೀಟು ಬಹಳ ಹಿತವಾಗಿತ್ತು.